ಕೊನೇ ಊರಿಗೆ ಬಂದ ರೀಲು: ಹಾಸನ, ಚಿಕ್ಕಮಗಳೂರಿನ ಅಟ್ಟಗಳಲ್ಲಿ ಹಳೇ ಸಿನಿಮಾ ಹುಡುಕುವುದು, ಉಳಿಸುವುದು ಹೇಗೆ

ಅಟ್ಟದಲ್ಲೋ, ತೋಟದ ಗೋಡೌನಿನಲ್ಲೋ, ಮುಚ್ಚಿಹೋದ ಟಾಕೀಸಿನ ಹಿಂದಿನ ಕೋಣೆಯಲ್ಲೋ ತುಕ್ಕು ಹಿಡಿದ ಚಪ್ಪಟೆ ತಗಡಿನ ಡಬ್ಬ ಸಿಕ್ಕಿತು ಅಂದುಕೊಳ್ಳಿ. ಮೂರು ಕೆಲಸ ಮಾತ್ರ ಮಾಡಬೇಡಿ. ಪ್ರೊಜೆಕ್ಟರಿಗೆ ಹಾಕಬೇಡಿ. ಬಿಸಿಲಿಗೆ ಒಣಗಿಸಬೇಡಿ. ಗುಜರಿಗೆ ಕೊಡಬೇಡಿ. ಹಳೇ ರೀಲುಗಳು ಅಟ್ಟದ ಮೇಲೆ ಎಂಬತ್ತು ವರ್ಷ ಇದ್ದು ಹಾಳಾಗಿದ್ದಕ್ಕಿಂತ, ಸಿಕ್ಕ ಮೊದಲ ವಾರದಲ್ಲಿ ಹಾಳಾಗಿದ್ದೇ ಜಾಸ್ತಿ ಅಂತ ನನ್ನ ಅನುಮಾನ. ಉಳಿಸುವ ಆಸೆಯಲ್ಲೇ ಎಳೆದು, ಒರೆಸಿ, ಓಡಿಸಿ ಹರಿದು ಹಾಕುತ್ತೇವೆ.

ನಮ್ಮ ಕಡೆ ಏನು ಸಿಗುತ್ತದೆ, ಸಿನಿಮಾ ಎಲ್ಲ ಬೆಂಗಳೂರು, ಮದ್ರಾಸು, ಬೊಂಬಾಯಿ ಅಲ್ವಾ ಅಂತ ಕೇಳುವವರು ಇದ್ದಾರೆ. ನನ್ನ ಲೆಕ್ಕ ಉಲ್ಟಾ. ಸಿನಿಮಾ ಉಳಿಯುವುದು ಅದು ಹುಟ್ಟಿದ ಊರಲ್ಲಿ ಅಲ್ಲ, ಅದು ಕೊನೆಗೆ ಓಡಿದ ಊರಲ್ಲಿ. ಆಗ ಪ್ರಿಂಟು, ಅಂದರೆ ಟಾಕೀಸಿನಲ್ಲಿ ಓಡಿಸುವ ಫಿಲಂ ಕಾಪಿ, ಮೊದಲು ದೊಡ್ಡ ಊರಿನ ಟಾಕೀಸಿನಲ್ಲಿ ಓಡುತ್ತಿತ್ತು, ಆಮೇಲೆ ಜಿಲ್ಲಾ ಕೇಂದ್ರ, ಆಮೇಲೆ ತಾಲ್ಲೂಕು, ಕಡೆಗೆ ಜಾತ್ರೆ ಮೈದಾನದ ಟೆಂಟು. ಹಾಸನ, ಅರಸೀಕೆರೆ, ಕಡೂರು ದಾಟಿ ಮೂಡಿಗೆರೆಗೋ ಕೊಪ್ಪಕ್ಕೋ ಬರುವ ಹೊತ್ತಿಗೆ ಆ ಪ್ರಿಂಟು ಗೀರು ಬಿದ್ದು, ಅಂಚು ಹರಿದು, ಹತ್ತು ಕಡೆ ಅಂಟಿಸಿಕೊಂಡು ಮುದಿಯಾಗಿರುತ್ತಿತ್ತು. ವಾಪಸ್ ಕಳಿಸುವ ಲಾರಿ ಬಾಡಿಗೆಯೂ ಅದರ ಬೆಲೆಗಿಂತ ಜಾಸ್ತಿ. ಹಾಗಾಗಿ ಒಂದೆರಡು ಡಬ್ಬ ಅಲ್ಲೇ ಉಳಿಯುವ ಸಾಧ್ಯತೆ ಇತ್ತು.

ಇದು ಬರೀ ನನ್ನ ಊಹೆ ಅಲ್ಲ. ಕೆನಡಾದ ಡಾಸನ್ ಸಿಟಿ ಅನ್ನುವ ಊರು ಉತ್ತರದ ಹಿಮದ ಮೂಲೆಯಲ್ಲಿದೆ, ಅಲ್ಲಿಗೆ ಪ್ರಿಂಟು ಬಂದರೆ ಮುಂದೆ ಹೋಗುವ ಊರೇ ಇಲ್ಲ. ವಾಪಸ್ ಕಳಿಸುವ ಖರ್ಚು ಯಾರಿಗೂ ಬೇಡವಾಗಿ ರೀಲುಗಳನ್ನು ಒಂದು ಈಜುಕೊಳದ ಗುಂಡಿಗೆ ತುಂಬಿ ಮುಚ್ಚಿಬಿಟ್ಟಿದ್ದರು. 1978ರಲ್ಲಿ ನೆಲ ಅಗೆದಾಗ ಐನೂರಕ್ಕೂ ಹೆಚ್ಚು ಮೂಕಿ ಚಿತ್ರದ ರೀಲುಗಳು ಹೊರಬಂದವು. ಜರ್ಮನಿಯ ‘ಮೆಟ್ರೊಪೊಲಿಸ್’ ಚಿತ್ರದಿಂದ ಕಳೆದುಹೋಗಿದ್ದ ಸುಮಾರು 25 ನಿಮಿಷದ ಭಾಗ 2008ರಲ್ಲಿ ಸಿಕ್ಕಿದ್ದು ಅರ್ಜೆಂಟೀನಾದ ಬ್ಯೂನಸ್ ಐರಿಸ್‌ನಲ್ಲಿ, ಅದೂ ತುಂಬಾ ಗೀರು ಬಿದ್ದ 16 ಎಂಎಂ ಕಾಪಿಯಲ್ಲಿ. ಕಲ್ಕತ್ತಾದ ಮದನ್ ಕಂಪನಿ ಕಡೆಯಿಂದ 1919ರಲ್ಲಿ ಬಂದ ‘ಬಿಲ್ವಮಂಗಲ್’ ಚಿತ್ರದ 594 ಮೀಟರ್ ಉಳಿದಿದ್ದು ಫ್ರಾನ್ಸಿನಲ್ಲಿ. ಅದರ ಡಿಜಿಟಲ್ ಕಾಪಿ ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯಕ್ಕೆ ಬಂದದ್ದು 2016ರಲ್ಲಿ.

ನಮ್ಮ ಕಡೆಯ ನಷ್ಟ ಎಷ್ಟು ಅಂದರೆ, ಕನ್ನಡದ ಮೊದಲ ಟಾಕಿಯೇ ಇಲ್ಲ. ‘ಸತಿ ಸುಲೋಚನ’ 1934ರ ಮಾರ್ಚ್ 3ಕ್ಕೆ ಬೆಂಗಳೂರಲ್ಲಿ ತೆರೆಕಂಡಿತು. ಕೊಲ್ಹಾಪುರದ ಸ್ಟುಡಿಯೋದಲ್ಲಿ ತೆಗೆದದ್ದು. ವೈ.ವಿ. ರಾವ್ ನಿರ್ದೇಶನ, ಸುಬ್ಬಯ್ಯ ನಾಯ್ಡು, ತ್ರಿಪುರಾಂಬ, ಆರ್. ನಾಗೇಂದ್ರರಾಯರ ಪಾತ್ರ. ಇವತ್ತು ಅದರ ಒಂದು ಪ್ರಿಂಟೂ ಇಲ್ಲ. ದೇಶದ ಮಟ್ಟದಲ್ಲಿ ನೋಡಿದರೆ ಸಾವಿರದ ಮುನ್ನೂರಕ್ಕೂ ಹೆಚ್ಚು ಮೂಕಿ ಚಿತ್ರ ಬಂದವು, ಉಳಿದದ್ದು ಮೂವತ್ತರ ಆಸುಪಾಸು, ಅದರಲ್ಲೂ ಎಷ್ಟೋ ಬರೀ ತುಣುಕು. ಮಿಕ್ಕದ್ದು ಏನಾಯಿತು? ಕಪ್ಪು ಬಿಳುಪು ಫಿಲಂನಲ್ಲಿ ಬೆಳ್ಳಿ ಇರುತ್ತದೆ. ಓಡಿ ಮುಗಿದ ಪ್ರಿಂಟನ್ನು ಬೆಳ್ಳಿ ತೆಗೆಯುವವರಿಗೆ ತೂಕಕ್ಕೆ ಹಾಕಿದರು, ಉಳಿದ ಪಟ್ಟಿ ಬಳೆ ಮಾಡುವವರಿಗೆ ಹೋಯಿತು.

ಅದಕ್ಕೇ ಹೇಳಿದ್ದು, ಗುಜರಿಗೆ ಕೊಡಬೇಡಿ ಅಂತ.

ಎಲ್ಲಿ ಹುಡುಕುವುದು, ಹೇಗೆ ಕೇಳುವುದು

ಟೂರಿಂಗ್ ಟಾಕೀಸ್ ನಡೆಸಿದವರ ಮನೆಗಳಿಂದ ಶುರು ಮಾಡಿ. ಯಜಮಾನರು ಈಗ ಇರುವುದಿಲ್ಲ, ಮಕ್ಕಳು ಅಥವಾ ಮೊಮ್ಮಕ್ಕಳು ಅದೇ ಜಾಗದಲ್ಲಿ ಕಲ್ಯಾಣ ಮಂಟಪವನ್ನೋ ಕಾಂಪ್ಲೆಕ್ಸನ್ನೋ ನಡೆಸುತ್ತಿರುತ್ತಾರೆ. ಹೋಗಿ ನೇರವಾಗಿ ಹಳೇ ಫಿಲಂ ಇದೆಯಾ ಅಂತ ಕೇಳಿದರೆ ಇಲ್ಲ ಅನ್ನುವ ಉತ್ತರವೇ ಬರುತ್ತದೆ. ಕೆಲವರಿಗೆ ಅದು ಫಿಲಂ ಅಂತ ಗೊತ್ತಿಲ್ಲ, ಕೆಲವರಿಗೆ ಲೈಸೆನ್ಸು, ಟ್ಯಾಕ್ಸು ಅಂತ ಏನೋ ಹಳೇ ಹೆದರಿಕೆ. ಬದಲಿಗೆ ಟೆಂಟಿನ ಕಥೆ ಕೇಳಿ. ಇಂಜಿನ್ ಎಲ್ಲಿಂದ ತಂದಿದ್ದು, ಬೆಂಚಿಗೆ ಎಷ್ಟು, ನೆಲಕ್ಕೆ ಎಷ್ಟು, ಮಳೆ ಬಂದರೆ ಏನು ಮಾಡುತ್ತಿದ್ದರು. ಮಾತಿನ ಮಧ್ಯೆ ಅವರೇ, ಮೇಲೆ ಏನೋ ಡಬ್ಬ ಇವೆ ನೋಡಿ ಅನ್ನುತ್ತಾರೆ. ಇದಕ್ಕೆ ಅವಸರ ಮಾಡಿದರೆ ಆಗುವುದಿಲ್ಲ, ಕಾಫಿ ಕೊಟ್ಟರೆ ಕುಡಿದು ಕೂತು ಕೇಳಬೇಕು.

ಯಜಮಾನರಿಗಿಂತ ಆಪರೇಟರುಗಳು ಒಳ್ಳೆಯ ದಾರಿ. ರೀಲು ತುಂಡಾದಾಗ ಕತ್ತರಿಸಿ ಅಂಟಿಸಿದವರು ಅವರೇ. ಕತ್ತರಿಸಿದ ತುಂಡುಗಳು ಅವರ ಪೆಟ್ಟಿಗೆಯಲ್ಲಿ ಉಳಿದಿರುತ್ತವೆ. ಟಾಕೀಸಿನ ಹಿಂದೆ ಬಿದ್ದ ರೀಲು ತುಂಡು ಆಯ್ದು, ಕನ್ನಡಿಯಲ್ಲಿ ಬಿಸಿಲು ಹಿಡಿದು, ನೀರು ತುಂಬಿದ ಬಲ್ಬನ್ನು ಲೆನ್ಸ್ ಮಾಡಿಕೊಂಡು ಗೋಡೆಗೆ ಸಿನಿಮಾ ಬಿಡುತ್ತಿದ್ದ ಹುಡುಗರು ಈಗ ಅಜ್ಜಂದಿರು. ಅವರ ಹತ್ತಿರ ಇರುವ ನಾಲ್ಕೈದು ಫ್ರೇಮಿನ ತುಂಡನ್ನು ತಮಾಷೆ ಅಂತ ಬಿಡಬೇಡಿ. ಇಡೀ ಚಿತ್ರವೇ ಇಲ್ಲದಾಗ ಒಂದು ಫ್ರೇಮೂ ದೊಡ್ಡದೇ.

ಮಲೆನಾಡಿನ ಕಡೆ ಇನ್ನೊಂದು ದಾರಿ ಇದೆ, ಕಾಫಿ ತೋಟದ ಬಂಗಲೆಗಳು. ಸಿನಿ ಕ್ಯಾಮೆರಾ ಕೊಳ್ಳುವ ತಾಕತ್ತು ಇದ್ದದ್ದು ಅಂಥವರಿಗೆ. 9.5 ಎಂಎಂ ಪಾಥೆ ಫಿಲಂ 1922ರಲ್ಲಿ, 16 ಎಂಎಂ 1923ರಲ್ಲಿ, 8 ಎಂಎಂ 1932ರಲ್ಲಿ ಮಾರುಕಟ್ಟೆಗೆ ಬಂದವು, ಎಲ್ಲವೂ ಮನೆಬಳಕೆಗೆ ಅಂತಲೇ. ತೋಟ ಕೈ ಬದಲಾದಾಗ ಕುರ್ಚಿ, ಮೇಜು, ಜಿಂಕೆ ತಲೆಯ ಜೊತೆ ಇಂಥ ಸಣ್ಣ ಡಬ್ಬಗಳೂ ಬಿಟ್ಟುಹೋಗಿರುತ್ತವೆ. ಓನರನ್ನು ಕೇಳುವುದಕ್ಕಿಂತ ತೋಟದ ಲೆಕ್ಕ ಬರೆಯುತ್ತಿದ್ದ ಹಳೇ ರೈಟರನ್ನು ಕೇಳಿ. ಗೋಡೌನಿನಲ್ಲಿ ಯಾವ ಮೂಲೆಯಲ್ಲಿ ಏನಿದೆ ಅನ್ನುವುದು ಅವರಿಗೇ ಗೊತ್ತು. ಮಠಗಳು, ಚರ್ಚಿನ ಶಾಲೆಗಳು, ಹಳೇ ಕ್ಲಬ್ಬುಗಳು, ನಾಟಕ ಕಂಪನಿ ಮನೆತನಗಳು ಕೂಡ ಪಟ್ಟಿಯಲ್ಲಿರಲಿ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಸಿಗುವ ಹತ್ತು ಡಬ್ಬದಲ್ಲಿ ಎಂಟೊಂಬತ್ತು ನೀವು ಅಂದುಕೊಂಡದ್ದು ಆಗಿರುವುದಿಲ್ಲ. 1948ರಲ್ಲಿ ಶುರುವಾದ ಫಿಲಮ್ಸ್ ಡಿವಿಜನ್ ವಾರ್ತಾಚಿತ್ರ ಇರಬಹುದು, ಎಪ್ಪತ್ತರ ದಶಕದ ಯಾವುದೋ ಸಿನಿಮಾದ ಆರನೇ ರೀಲು ಇರಬಹುದು, ಸಾಬೂನಿನ ಜಾಹೀರಾತು ಇರಬಹುದು. ಬೇಜಾರಾಗಬೇಡಿ, ಅವನ್ನೂ ಎಸೆಯಬೇಡಿ.

ಡಬ್ಬ ಸಿಕ್ಕಿತು. ಈಗ?

ಮೊದಲು ಅದು ಇದ್ದ ಜಾಗದಲ್ಲೇ ಫೋಟೋ ತೆಗೆಯಿರಿ. ಡಬ್ಬದ ಮೇಲಿನ ಚೀಟಿ, ಬಣ್ಣದಲ್ಲಿ ಬರೆದ ಅಕ್ಷರ, ರೈಲ್ವೆ ಪಾರ್ಸಲ್ ಗುರುತು, ಒಳಗಿನ ಕಾಗದ, ಎಲ್ಲದರದ್ದೂ. ತುಕ್ಕು ಒರೆಸುವ ಉತ್ಸಾಹದಲ್ಲಿ ಚೀಟಿ ಹೋಗಿಬಿಟ್ಟರೆ ಆ ರೀಲಿಗೆ ಹೆಸರೇ ಇಲ್ಲದ ಹಾಗೆ ಆಗುತ್ತದೆ.

ಆಮೇಲೆ ಅಗಲ ಅಳೆಯಿರಿ. ಶಾಲೆಯ ಸ್ಕೇಲ್ ಸಾಕು. 35 ಎಂಎಂ ಆಗಿದ್ದರೆ ಜೋಪಾನ. ಯಾಕೆಂದರೆ 1950ರ ದಶಕದ ಶುರುವಿನವರೆಗೆ 35 ಎಂಎಂ ಫಿಲಂ ಬರುತ್ತಿದ್ದದ್ದು ನೈಟ್ರೇಟ್ ಅನ್ನುವ ಬೇಗ ಹೊತ್ತಿಕೊಳ್ಳುವ ಪಟ್ಟಿಯ ಮೇಲೆ. ಇದು ಬಂದೂಕಿನ ಮದ್ದಿನ ಬಳಗದ್ದು. ಹೊತ್ತಿಕೊಂಡರೆ ತನ್ನ ಆಮ್ಲಜನಕವನ್ನು ತಾನೇ ಹುಟ್ಟಿಸಿಕೊಳ್ಳುತ್ತದೆ, ನೀರಲ್ಲಿ ಮುಳುಗಿಸಿದರೂ ಉರಿಯುತ್ತದೆ, ಹೊಗೆ ವಿಷ. ಚೆನ್ನಾಗಿ ಕೊಳೆತ ನೈಟ್ರೇಟ್ 40 ಡಿಗ್ರಿ ಆಸುಪಾಸಿನ ಬಿಸಿಯಲ್ಲಿ ತುಂಬಾ ದಿನ ಇದ್ದರೆ ತಾನಾಗಿ ಹೊತ್ತಿಕೊಳ್ಳಬಹುದು. ಏಪ್ರಿಲ್ ತಿಂಗಳಲ್ಲಿ ಅರಸೀಕೆರೆಯ ತಗಡಿನ ಶೀಟಿನ ಕೆಳಗೆ ಎಷ್ಟು ಬಿಸಿ ಇರುತ್ತದೆ ಅಂತ ಯೋಚಿಸಿ ನೋಡಿ. 2003ರಲ್ಲಿ ಪುಣೆ ಸಂಗ್ರಹಾಲಯದ ನೈಟ್ರೇಟ್ ದಾಸ್ತಾನಿಗೇ ಬೆಂಕಿ ಬಿದ್ದು ಎಷ್ಟೋ ಹಳೇ ಚಿತ್ರಗಳು ಹೋದವು, ಮನೆ ಅಟ್ಟದ ಮಾತು ಬಿಡಿ.

ನೈಟ್ರೇಟ್ ಹೌದೋ ಅಲ್ಲವೋ ನೋಡಲು ತುಂಡು ಕತ್ತರಿಸಿ ಬೆಂಕಿ ಕಡ್ಡಿ ಗೀರಿ ಪರೀಕ್ಷೆ ಮಾಡುವವರು ಇದ್ದಾರೆ. ದಯವಿಟ್ಟು ಬೇಡ. ಅಂಚನ್ನು ಎಲ್‌ಇಡಿ ಟಾರ್ಚಿನಲ್ಲಿ ನೋಡಿ. ಇಂಗ್ಲಿಷಿನಲ್ಲಿ ಸಣ್ಣದಾಗಿ ‘ನೈಟ್ರೇಟ್’ ಅಥವಾ ‘ಸೇಫ್ಟಿ’ (ಸುಲಭಕ್ಕೆ ಹೊತ್ತಿಕೊಳ್ಳದ ಬಗೆ) ಅಂತ ಅಚ್ಚಾಗಿರುತ್ತದೆ. ಆದರೆ ಪ್ರಿಂಟು ತೆಗೆಯುವಾಗ ನೆಗೆಟಿವ್‌ನ ಅಂಚಿನ ಅಕ್ಷರವೂ ಕಾಪಿ ಆಗಿಬಿಡುವುದುಂಟು, ಹಾಗಾಗಿ ಎರಡೂ ಕಂಡರೆ, ಏನೂ ಕಾಣದಿದ್ದರೆ, ನೈಟ್ರೇಟ್ ಅಂತಲೇ ತಿಳಿದು ನಡೆದುಕೊಳ್ಳಿ. 16 ಎಂಎಂ, 8 ಎಂಎಂ ನಮ್ಮಲ್ಲಿ ಸಿಗುವುದೆಲ್ಲ ಹೆಚ್ಚುಕಡಿಮೆ ಸೇಫ್ಟಿಯೇ, ಬೆಂಕಿಯ ಭಯ ಇಲ್ಲ.

ಕಣ್ಣಿಗೆ, ಮೂಗಿಗೆ ತಿಳಿಯುವ ಲಕ್ಷಣಗಳಿವೆ. ನೈಟ್ರೇಟ್ ಕೊಳೆಯುವಾಗ ಮೊದಲು ಚಿತ್ರ ಮಾಸಿ ಕಂದು ಹಳದಿಗೆ ತಿರುಗುತ್ತದೆ. ಆಮೇಲೆ ಸುತ್ತುಗಳು ಒಂದಕ್ಕೊಂದು ಅಂಟುತ್ತವೆ. ಮೂರನೇ ಹಂತದಲ್ಲಿ ಬೆಲ್ಲದ ಪಾಕ ನೊರೆ ಕಟ್ಟಿದ ಹಾಗೆ ಗುಳ್ಳೆ ಬರುತ್ತದೆ. ನಾಲ್ಕಕ್ಕೆ ಇಡೀ ರೀಲು ಒಂದೇ ಗಟ್ಟಿ ಮುದ್ದೆ, ಐದಕ್ಕೆ ಕಂದು ಪುಡಿ. ಮೊದಲ ಎರಡು ಹಂತದ್ದನ್ನು ಕಾಪಿ ಮಾಡಬಹುದು, ಮೂರರಲ್ಲಿ ಸ್ವಲ್ಪ ಭಾಗ ಸಿಕ್ಕರೂ ಸಿಗಬಹುದು. ಮುದ್ದೆಯೋ ಪುಡಿಯೋ ಕಂಡರೆ ಡಬ್ಬ ಅಲ್ಲಾಡಿಸದೆ, ಮುಚ್ಚಳ ತಿರುಚದೆ ಅಗ್ನಿಶಾಮಕದವರಿಗೆ ಹೇಳಿ. ಇದರಲ್ಲಿ ಮುಜುಗರ ಏನೂ ಇಲ್ಲ.

ಸೇಫ್ಟಿ ಫಿಲಂಗೆ ಬೇರೆ ರೋಗ. ಡಬ್ಬ ತೆಗೆದ ಕೂಡಲೇ ಮೂಗಿಗೆ ವಿನೆಗರ್ ವಾಸನೆ ಹೊಡೆದರೆ ಅದು ಅಸಿಟೇಟ್ ಅನ್ನುವ ಬಗೆಯ ಸೇಫ್ಟಿ ಫಿಲಂ, ಕೊಳೆಯಲು ಶುರುವಾಗಿದೆ. ಒಂದು ಡಬ್ಬದ ಆಮ್ಲ ಪಕ್ಕದ ಡಬ್ಬವನ್ನೂ ಕೆಡಿಸುತ್ತದೆ. ವಾಸನೆ ಬಂದದ್ದನ್ನು ಬೇರೆ ಕೋಣೆಗೆ ಸಾಗಿಸಿ, ಮುಚ್ಚಳ ಸಡಿಲ ಬಿಡಿ. ಆಮ್ಲ ಎಷ್ಟಿದೆ ಅಂತ ಬಣ್ಣ ಬದಲಿಸಿ ತೋರಿಸುವ ಎ-ಡಿ ಸ್ಟ್ರಿಪ್ ಅನ್ನುವ ಕಾಗದದ ಪಟ್ಟಿ ಸಿಗುತ್ತದೆ. ನೀಲಿ ಇದ್ದರೆ ಪರವಾಗಿಲ್ಲ, ಹಸಿರಾದರೆ ಬೇಗ ಕಾಪಿ ಮಾಡಿಸಬೇಕು, ಹಳದಿಯಾದರೆ ಕೈಮೀರುತ್ತಿದೆ.

ಸುತ್ತು ಬಿಚ್ಚಬೇಕಾ? ಸಾಧ್ಯವಾದಷ್ಟೂ ಬೇಡ. ಹೊರಗಿನ ಎರಡು ಮೂರು ಸುತ್ತು ತಾನಾಗಿ ಬಿಡಿಸಿಕೊಂಡು ಬಂದರೆ ನೋಡಿ, ಅಂಟಿಕೊಂಡಿದ್ದರೆ ಅಲ್ಲಿಗೇ ನಿಲ್ಲಿಸಿ. ಕೈಗೆ ಹತ್ತಿಯ ಗ್ಲೌಸ್, ಬೂಸಲು ಇದ್ದರೆ ಮೂಗಿಗೆ ಎನ್-95 ಮಾಸ್ಕ್, ಕಿಟಕಿ ತೆಗೆದಿರಲಿ, ಬೀಡಿ ಸಿಗರೇಟು ಸೇದುವವರನ್ನು ಆ ಕೋಣೆಯಿಂದ ಆಚೆ ಕಳಿಸಿ. ಅಂಚು ಮಾತ್ರ ಹಿಡಿಯಿರಿ. ಮಿನುಗುವ ಮುಖ ಬರೀ ಬೇಸ್, ಅಂದರೆ ಚಿತ್ರವನ್ನು ಹೊತ್ತ ಪಟ್ಟಿ, ಮಂಕಾದ ಮುಖದಲ್ಲಿ ಚಿತ್ರ ಇರುತ್ತದೆ. ಮಂಕು ಮುಖಕ್ಕೆ ನೀರು, ಸ್ಪಿರಿಟ್ಟು, ಸೀಮೆಎಣ್ಣೆ, ಕೊಬ್ಬರಿ ಎಣ್ಣೆ ಏನೂ ತಾಕಿಸಬಾರದು. ಅದು ಜೆಲಟಿನ್, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಚಿತ್ರವೇ ಬಟ್ಟೆಗೆ ಬರುತ್ತದೆ. ಮೃದುವಾದ ಒಣ ಬ್ರಷ್ಷಿನಲ್ಲಿ ಧೂಳು ಹೊಡೆಯುವುದು ಬಿಟ್ಟರೆ ಮನೆಯಲ್ಲಿ ಕ್ಲೀನ್ ಮಾಡುವ ಪ್ರಶ್ನೆಯೇ ಇಲ್ಲ. ರಬ್ಬರ್ ಬ್ಯಾಂಡು, ತುಕ್ಕು ಹಿಡಿದ ಪಿನ್ನು ಇದ್ದರೆ ಮಾತ್ರ ತೆಗೆಯಿರಿ.

ಪ್ರೊಜೆಕ್ಟರಿಗೆ ಯಾಕೆ ಹಾಕಬಾರದು ಅನ್ನುವುದಕ್ಕೆ ಒಂದು ಲೆಕ್ಕ. 35 ಎಂಎಂ ಪ್ರಿಂಟಿನಲ್ಲಿ ಅಂಚಿನ ಒಂದು ತೂತಿನಿಂದ ಇನ್ನೊಂದಕ್ಕೆ 4.75 ಮಿಲಿಮೀಟರ್. ಮೊದಲನೇ ತೂತಿನ ಎಡ ಅಂಚಿನಿಂದ 101ನೇ ತೂತಿನ ಎಡ ಅಂಚಿಗೆ 475 ಮಿಲಿಮೀಟರ್ ಬರಬೇಕು. ವಯಸ್ಸಾದ ಫಿಲಂ ಕುಗ್ಗುತ್ತದೆ. 470 ಬಂತು ಅಂದರೆ ಶೇಕಡಾ 1ಕ್ಕಿಂತ ಸ್ವಲ್ಪ ಜಾಸ್ತಿ ಕುಗ್ಗಿದೆ, ಪ್ರೊಜೆಕ್ಟರಿನ ಹಲ್ಲುಗಳು ಆ ತೂತಿಗೆ ಕೂರುವುದಿಲ್ಲ, ಅಡಿಗಟ್ಟಲೆ ಹರಿದುಹೋಗುತ್ತದೆ. ಎಷ್ಟು ಒಳ್ಳೇ ಕಂಡಿಷನ್ನಿನ ಪ್ರೊಜೆಕ್ಟರ್ ಇದ್ದರೂ ಅಷ್ಟೇ. ಜೊತೆಗೆ ನೈಟ್ರೇಟ್ ಆಗಿದ್ದರೆ ದೀಪದ ಬಿಸಿ ಬೇರೆ. ನೂರು ತೂತು ಅಳೆಯುವುದು ಐದು ನಿಮಿಷದ ಕೆಲಸ, ಅಳತೆಯನ್ನು ಬರೆದಿಡಿ, ಮುಂದೆ ಸ್ಕ್ಯಾನ್ ಮಾಡುವವರು ಮೊದಲು ಕೇಳುವ ಪ್ರಶ್ನೆಗಳಲ್ಲಿ ಅದೂ ಒಂದು.

ರೀಲು ಬಿಚ್ಚದೆ ಉದ್ದವನ್ನೂ ಅಂದಾಜು ಮಾಡಬಹುದು. ನಡುವೆ ಎರಡಿಂಚಿನ ಕೋರ್ (ಫಿಲಂ ಸುತ್ತುವ ಗಾಲಿ) ಇರುವ 35 ಎಂಎಂ ಸುರುಳಿ ಅಡ್ಡಕ್ಕೆ ಒಂಬತ್ತೂವರೆ ಇಂಚು ಇದ್ದರೆ ಸುಮಾರು 1000 ಅಡಿ. ಏಳು ಇಂಚಿದ್ದರೆ 500 ಅಡಿ. ಟಾಕಿ ಚಿತ್ರ ನಿಮಿಷಕ್ಕೆ 90 ಅಡಿ ಓಡುತ್ತದೆ, ಅಂದರೆ 1000 ಅಡಿಗೆ 11 ನಿಮಿಷ.

ಇದು ಯಾವ ಸಿನಿಮಾ?

ನನಗೆ ಇಡೀ ಕೆಲಸದಲ್ಲಿ ಇಷ್ಟವಾದ ಭಾಗ ಇದೇ, ಸ್ವಲ್ಪ ಪತ್ತೇದಾರಿಕೆ. ಟೈಟಲ್ ಕಾರ್ಡ್ ಇದ್ದರೆ ಕಷ್ಟವೇ ಇಲ್ಲ, ಆದರೆ ಅದು ಇರುವುದು ಮೊದಲ ರೀಲಿನ ಶುರುವಿನಲ್ಲಿ, ಹೊರಗಿನ ಸುತ್ತಿನಲ್ಲಿ, ಮೊದಲು ಕೊಳೆಯುವುದೂ ಹರಿಯುವುದೂ ಅದೇ. ಹಾಗಾಗಿ ಟೈಟಲ್ ಇಲ್ಲ ಅಂತಲೇ ತಿಳಿದು ಹೊರಡಿ. ರೀಲಿನ ತುದಿಯ ಖಾಲಿ ಪಟ್ಟಿಯ ಮೇಲೆ ಯಾರಾದರೂ ಇಂಕಿನಲ್ಲಿ ಬರೆದಿದ್ದಾರಾ, ಮೊಳೆಯಲ್ಲಿ ಕೆರೆದಿದ್ದಾರಾ ನೋಡಿ. ಸೆನ್ಸಾರ್ ಸರ್ಟಿಫಿಕೇಟಿನ ಚೌಕಟ್ಟು ಸಿಕ್ಕರೆ ನಿಮ್ಮ ಅದೃಷ್ಟ, ಅದರಲ್ಲಿ ಚಿತ್ರದ ಹೆಸರು, ಉದ್ದ, ರೀಲುಗಳ ಸಂಖ್ಯೆ ಇರುತ್ತದೆ. ನಿಮ್ಮ ಹತ್ತಿರ ಇರುವುದು ಒಟ್ಟು ಚಿತ್ರದಲ್ಲಿ ಎಷ್ಟು ಪಾಲು ಅನ್ನುವುದು ಅಲ್ಲೇ ಗೊತ್ತಾಗುತ್ತದೆ.

ಚಿತ್ರದ ಪಕ್ಕ ಅಲೆಯ ಹಾಗೆಯೋ ಸಣ್ಣ ಸಣ್ಣ ಅಡ್ಡಗೆರೆಯ ಹಾಗೆಯೋ ಒಂದು ಪಟ್ಟಿ ಓಡಿದ್ದರೆ ಅದು ಸದ್ದಿನ ದಾರಿ, ಟಾಕಿ ಪ್ರಿಂಟು. ಅದು ಇಲ್ಲದೆ ಚಿತ್ರ ಅಂಚಿನ ತೂತಿನಿಂದ ತೂತಿನವರೆಗೂ ಹರಡಿದ್ದರೆ ಮೂಕಿ ಇರಬಹುದು, ಅಥವಾ ಬರೀ ಚಿತ್ರದ ನೆಗೆಟಿವ್ ಇರಬಹುದು. ಮಧ್ಯೆ ಮಧ್ಯೆ ಬರಹದ ಫ್ರೇಮು ಬಂದರೆ ಎಷ್ಟು ಭಾಷೆ ಇದೆ ಅಂತ ನೋಡಿ. ನಮ್ಮ ದೇಶದ ಮೂಕಿ ಚಿತ್ರದಲ್ಲಿ ಒಂದೇ ಕಾರ್ಡಿನ ಮೇಲೆ ಎರಡು ಮೂರು ಲಿಪಿ ಇರುವುದು ಸಾಮಾನ್ಯ. ಯಾವ ಲಿಪಿಗಳು ಅನ್ನುವುದರ ಮೇಲೆ ಆ ಪ್ರಿಂಟು ಯಾವ ಸೀಮೆಗೆ ಅಂತ ತೆಗೆದದ್ದು ಅಂತ ಅಂದಾಜು ಮಾಡಬಹುದು. ಇಡೀ ರೀಲು ಗುಲಾಬಿ ಬಣ್ಣಕ್ಕೆ ತಿರುಗಿದ್ದರೆ ಅದು ಬಣ್ಣ ಮಾಸಿದ ಕಲರ್ ಪ್ರಿಂಟು. ಕನ್ನಡದ ಮೊದಲ ಪೂರ್ತಿ ವರ್ಣಚಿತ್ರ ‘ಅಮರಶಿಲ್ಪಿ ಜಕಣಾಚಾರಿ’ ಬಂದದ್ದು 1964ರಲ್ಲಿ, ಹಾಗಾಗಿ ಗುಲಾಬಿ ರೀಲು ಕನ್ನಡ ಚಿತ್ರದ್ದಾದರೆ ಅದು ಬಹುತೇಕ ಅಲ್ಲಿಂದ ಈಚಿನದು.

ಮನೆಯವರು ತೆಗೆದ ಫಿಲಂ ಅಥವಾ ವಾರ್ತಾಚಿತ್ರ ಆದರೆ ನಮ್ಮೂರಿನವರ ಕಣ್ಣೇ ದೊಡ್ಡ ಸಾಧನ. ಶ್ರವಣಬೆಳಗೊಳದ ಗೊಮ್ಮಟನ ಸುತ್ತ ಅಟ್ಟಣಿಗೆ ಕಟ್ಟಿರುವುದು ಕಂಡರೆ ಅದು ಮಹಾಮಸ್ತಕಾಭಿಷೇಕದ ಸಮಯ, ಅಂದರೆ 1940, 1953, 1967, 1981 ಹೀಗೆ ಕೆಲವೇ ವರ್ಷಗಳಲ್ಲಿ ಒಂದು. ಬಟ್ಟೆ, ಕಾರು, ಮೈಕು ನೋಡಿ ಯಾವುದು ಅಂತ ನಿರ್ಧಾರ ಮಾಡಬಹುದು. ಶೆಟ್ಟಿಹಳ್ಳಿ ಚರ್ಚು ಮಾಡು ಸಮೇತ ನಿಂತಿದ್ದು, ಸುತ್ತ ಹಳ್ಳಿ ಇದ್ದರೆ ಅದು ಹೇಮಾವತಿ ಹಿನ್ನೀರು ಬರುವುದಕ್ಕೆ ಮುಂಚಿನ ದೃಶ್ಯ. ಕಚೇರಿ ಬೋರ್ಡಿನಲ್ಲಿ ಮೈಸೂರು ಸರ್ಕಾರ ಅಂತ ಇದ್ದರೆ 1973ರ ನವೆಂಬರ್‌ಗಿಂತ ಹಿಂದಿನದು. ಇಂಥದ್ದನ್ನು ಪುಣೆಯಲ್ಲೋ ಮುಂಬೈಯಲ್ಲೋ ಕೂತವರು ಹೇಳಲು ಆಗುವುದಿಲ್ಲ. ಬೇಲೂರು ಪೇಟೆಯ ಯಾವ ಬೀದಿ ಅಂತ ಅಲ್ಲಿನ ಅಜ್ಜಿಯೊಬ್ಬರು ಒಂದು ಫ್ರೇಮು ನೋಡಿ ಹೇಳಿಬಿಡುತ್ತಾರೆ. ಹಾಗಾಗಿ ಫ್ರೇಮುಗಳ ಫೋಟೋ ತೆಗೆದು ಹಿರಿಯರಿಗೆ ತೋರಿಸಿ, ಅವರು ಹೇಳಿದ್ದನ್ನು ಅವರ ಮಾತಲ್ಲೇ ಬರೆದುಕೊಳ್ಳಿ, ಹೆಸರು ಹಾಕಲು ಒಪ್ಪಿಗೆ ಕೇಳಿ.

ಫೋಟೋಗೆ ದೊಡ್ಡ ಸಲಕರಣೆ ಬೇಡ. ಮೊಬೈಲಿನ ಅಥವಾ ಟ್ಯಾಬಿನ ಪರದೆ ಪೂರ್ತಿ ಬಿಳಿ ಮಾಡಿ, ಅದರಿಂದ ಎರಡು ಮೂರು ಇಂಚು ಎತ್ತರದಲ್ಲಿ ಫಿಲಂ ಹಿಡಿದು, ಇನ್ನೊಂದು ಮೊಬೈಲಿನಲ್ಲಿ ಕ್ಲಿಕ್ ಮಾಡಿ. ಪರದೆಗೆ ತೀರಾ ಹತ್ತಿರ ಇಟ್ಟರೆ ಪರದೆಯ ಚುಕ್ಕಿಗಳೂ ಫೋಟೋದಲ್ಲಿ ಬರುತ್ತವೆ. ಅಂಚಿನ ತೂತುಗಳೂ ಅಕ್ಷರಗಳೂ ಫೋಟೋದಲ್ಲಿ ಬರಲೇಬೇಕು, ಬರೀ ನಾಯಕಿಯ ಮುಖ ಕತ್ತರಿಸಿ ಕಳಿಸಿದರೆ ಪ್ರಯೋಜನ ಇಲ್ಲ. ಕೊಡ್ಯಾಕ್ ಕಂಪನಿ ಫಿಲಂ ಅಂಚಿನಲ್ಲಿ ಚೌಕ, ವೃತ್ತ, ತ್ರಿಕೋನದ ಗುರುತು ಹಾಕುತ್ತಿತ್ತು, ಅವು ತಯಾರಾದ ವರ್ಷ ಹೇಳುತ್ತವೆ. ಆದರೆ ಗುರುತುಗಳು 20 ವರ್ಷಕ್ಕೊಮ್ಮೆ ಮರುಕಳಿಸುವುದರಿಂದ ಅದೊಂದನ್ನೇ ನಂಬಬೇಡಿ.

ಫಿಲಂ ಜೊತೆ ಕಾಗದವನ್ನೂ ಹುಡುಕಿ. ಹಾಡಿನ ಪುಸ್ತಕ, ಹ್ಯಾಂಡ್‌ಬಿಲ್ಲು, ಟಿಕೆಟ್ ಪುಸ್ತಕದ ಅಡಿಚೀಟಿ, ನಾಟಕ ಕಂಪನಿ ಫೋಟೋ. ಹಾಡಿನ ಪುಸ್ತಕದಲ್ಲಿ ಕಥೆಯ ಸಾರಾಂಶ, ಪಾತ್ರವರ್ಗ ಇರುತ್ತದೆ, ಫ್ರೇಮಿನಲ್ಲಿರುವ ವೇಷಕ್ಕೆ ತಾಳೆ ಹಾಕಲು ಅದಕ್ಕಿಂತ ಒಳ್ಳೆಯದು ಇಲ್ಲ. ಹ್ಯಾಂಡ್‌ಬಿಲ್ಲಿನಲ್ಲಿ ತಾರೀಕು ಇದ್ದು ವರ್ಷ ಇಲ್ಲದಿದ್ದರೆ ಟಿಕೆಟ್ ದರ ನೋಡಿ. ಆಣೆಯಲ್ಲಿದ್ದರೆ ಬಹುತೇಕ 1957ರ ಏಪ್ರಿಲ್‌ಗಿಂತ ಹಿಂದಿನದು, ಹೊಸ ಪೈಸೆ ಬಂದದ್ದು ಆಗ. 78ರ ಗ್ರಾಮಫೋನ್ ಪ್ಲೇಟು ಸಿಕ್ಕರೆ ಅದೂ ಚಿತ್ರದ ಉಳಿದ ಭಾಗವೇ, ಎಷ್ಟೋ ಚಿತ್ರದ್ದು ಹಾಡು ಮಾತ್ರ ಉಳಿದಿದೆ. ಪ್ಲೇಟನ್ನು ಸ್ಪಿರಿಟ್ಟಿನಲ್ಲಿ ಒರೆಸಬೇಡಿ, ಅರಗು ಕರಗುತ್ತದೆ. ಮಲಗಿಸಿ ಪೇರಿಸಬೇಡಿ, ನಿಲ್ಲಿಸಿ ಇಡಿ.

ಇಟ್ಟುಕೊಳ್ಳುವುದು

ನಮ್ಮ ಎರಡೂ ಜಿಲ್ಲೆಯಲ್ಲಿ ಎರಡು ಹವೆ. ಕಡೂರು, ಅರಸೀಕೆರೆ ಕಡೆ ಬಿಸಿಗೆ ಫಿಲಂ ಕುಗ್ಗಿ ಮುರುಟುತ್ತದೆ. ಸಕಲೇಶಪುರ, ಮೂಡಿಗೆರೆ, ಶೃಂಗೇರಿ ಕಡೆ ಮಳೆಗಾಲದ ತೇವಕ್ಕೆ ಬೂಸಲು ಹಿಡಿದು ಚಿತ್ರವನ್ನೇ ತಿನ್ನುತ್ತದೆ. ಮಲೆನಾಡಿನಲ್ಲಿ ಡಬ್ಬ ಬಿಚ್ಚಿ ನೋಡುವ ಕೆಲಸವನ್ನು ಜನವರಿ, ಫೆಬ್ರವರಿಗೆ ಇಟ್ಟುಕೊಳ್ಳಿ. ಜುಲೈನಲ್ಲಿ ಸಿಕ್ಕರೆ ಫೋಟೋ ತೆಗೆದು, ಡಬ್ಬ ಬಿಚ್ಚದೆ, ಒಣಗಿದ ಜಾಗಕ್ಕೆ ಸಾಗಿಸಿ ಸುಮ್ನೆ ಇರಿ. ಒಲೆಯ ಮೇಲಿನ ಅಟ್ಟ ಒಣಗಿರುತ್ತದೆ ಅಂತ ಅಲ್ಲಿ ಮಾತ್ರ ಇಡಬೇಡಿ.

ಡಬ್ಬಗಳನ್ನು ಮಲಗಿಸಿಯೇ ಇಡಬೇಕು, ಪುಸ್ತಕದ ಹಾಗೆ ನಿಲ್ಲಿಸಿದರೆ ಸುರುಳಿ ಸೊಟ್ಟಗಾಗುತ್ತದೆ. ನೈಟ್ರೇಟ್ ಅನ್ನುವ ಅನುಮಾನ ಇದ್ದರೆ ಪ್ಲಾಸ್ಟಿಕ್ ಕವರಿನಲ್ಲಿ ಬಿಗಿಯಾಗಿ ಕಟ್ಟಬೇಡಿ, ಗಾಳಿ ಆಡಬೇಕು. ಜನ ಮಲಗುವ ಮನೆಯಿಂದ ದೂರ, ಬಿಸಿಲು ಬೀಳದ, ತಂಪಾದ ಹೊರಕೋಣೆಯಲ್ಲಿ, ಗ್ಯಾಸ್ ಸಿಲಿಂಡರ್, ಯುಪಿಎಸ್ ಬ್ಯಾಟರಿ, ಪೆಟ್ರೋಲ್ ಕ್ಯಾನ್ ಇಲ್ಲದ ಕಡೆ, ಕೆಲವು ದಿನ ಮಾತ್ರ. ನೈಟ್ರೇಟನ್ನು ಮನೆಯಲ್ಲಿ ಉಳಿಸಿಕೊಳ್ಳುತ್ತೇನೆ ಅನ್ನುವ ಹಟ ಬೇಡ. ಸಾಗಿಸುವುದಕ್ಕೂ ನಿಯಮ ಇದೆ, 1948ರ ಸಿನೆಮಟೋಗ್ರಾಫ್ ಫಿಲಂ ರೂಲ್ಸ್ ಅಂತ. ಬಸ್ಸಿನ ಲಗೇಜು, ರೈಲು, ಕೊರಿಯರ್ ಯಾವುದೂ ಬೇಡ, ತೆಗೆದುಕೊಳ್ಳುವ ಸಂಸ್ಥೆಯ ಜೊತೆ ಮಾತಾಡಿ ಅವರು ಹೇಳಿದ ಹಾಗೆ ಮಾಡಿ.

ಮನೆಯ 8 ಎಂಎಂ, 16 ಎಂಎಂ ಸೇಫ್ಟಿ ಫಿಲಂ ಅನ್ನು ಮಾತ್ರ ಬೇಕಾದರೆ ಫ್ರಿಜ್ಜಿನಲ್ಲಿ ಇಡಬಹುದು. ಒಣಹವೆಯಲ್ಲಿ ಡಬ್ಬ ಮುಚ್ಚಿ, ಎರಡು ಜಿಪ್ ಕವರಿನಲ್ಲಿ ಹಾಕಿ, ಹೊರಗಿನ ಕವರಿನಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇಡಿ. ತೆಗೆದಾಗ ಕವರ್ ಬಿಚ್ಚದೆ ಒಂದು ದಿನ ಹೊರಗಿಟ್ಟು, ಆಮೇಲೆ ಬಿಚ್ಚಿ, ಇಲ್ಲದಿದ್ದರೆ ಫಿಲಂ ಮೇಲೆಯೇ ನೀರು ಕೂರುತ್ತದೆ.

ಸ್ಕ್ಯಾನ್ ಮಾಡಿಸುವಾಗ

ಗೋಡೆಗೆ ಬಿಟ್ಟು ಮೊಬೈಲಿನಲ್ಲಿ ಶೂಟ್ ಮಾಡಿಕೊಡುವವರು ಎಲ್ಲ ಊರಲ್ಲೂ ಇದ್ದಾರೆ. ಹಳೇ ಫಿಲಂಗೆ ಅದು ಆಗದು. ಹಲ್ಲು ಚಕ್ರ ಇಲ್ಲದೆ ರೋಲರಿನ ಮೇಲೆ ಫಿಲಂ ಸಾಗಿಸುವ ಸ್ಕ್ಯಾನರ್ ಇದೆಯಾ ಅಂತ ಕೇಳಿ. ಫ್ರೇಮು ಫ್ರೇಮಾಗಿ ತೆಗೆಯುತ್ತಾರಾ, ಅಂಚಿನವರೆಗೂ ತೆಗೆಯುತ್ತಾರಾ ಅಂತಲೂ ಕೇಳಿ. ಫೈಲುಗಳು ದೊಡ್ಡವು. 1000 ಅಡಿಯ 35 ಎಂಎಂ ರೀಲಿನಲ್ಲಿ 16,000 ಫ್ರೇಮು, 2ಕೆ ಡಿಪಿಎಕ್ಸ್ (ಫ್ರೇಮಿಗೊಂದು ಚಿತ್ರದ ಫೈಲ್ ಆಗಿ ಉಳಿಸುವ ಬಗೆ) ಆದರೆ ಒಂದು ಫ್ರೇಮು ಸುಮಾರು 12 ಎಂಬಿ, ಲೆಕ್ಕ ಹಾಕಿದರೆ ಹತ್ತಿರ ಹತ್ತಿರ 200 ಜಿಬಿ. ಅಷ್ಟೂ ಬೇಕು. ಎಂಪಿ4 ಅನ್ನುವುದು ಮನೆಯವರಿಗೆ ತೋರಿಸಲು ಮಾತ್ರ. ಮೂರು ಕಾಪಿ, ಎರಡು ಬೇರೆ ಬೇರೆ ಬಗೆಯ ಸಾಧನದಲ್ಲಿ, ಒಂದು ಬೇರೆ ಊರಲ್ಲಿ ಇರಲಿ. ಗೀರು ತೆಗೆದು, ಮುಖ ನುಣುಪು ಮಾಡಿ, ಬಣ್ಣ ಹಾಕುವ ಆಪುಗಳ ಮೋಜು ಬೇಕಾದರೆ ಕಾಪಿಯ ಮೇಲೆ ಮಾಡಿಕೊಳ್ಳಿ, ಮೊದಲ ಸ್ಕ್ಯಾನನ್ನು ಮುಟ್ಟಬೇಡಿ. ಸ್ಕ್ಯಾನ್ ಆಯಿತು ಅಂತ ಮೂಲ ಫಿಲಂ ಎಸೆಯುವುದು ಬೇಡವೇ ಬೇಡ, ಇನ್ನೂ ಒಳ್ಳೆಯ ಸ್ಕ್ಯಾನರ್ ನಾಳೆ ಬರುತ್ತದೆ. ಗಿರೀಶ್ ಕಾಸರವಳ್ಳಿಯವರ 1977ರ ‘ಘಟಶ್ರಾದ್ಧ’ 2024ರಲ್ಲಿ ಹೊಸದಾಗಿ ವೆನಿಸ್ ಉತ್ಸವದಲ್ಲಿ ತೆರೆಕಂಡದ್ದು ಅದರ ಮೂಲ ನೆಗೆಟಿವ್ ಉಳಿದಿದ್ದರಿಂದ.

ಯಾರಿಗೆ ಕೊಡುವುದು

35 ಎಂಎಂ ಹಳೆಯದು, ಅಥವಾ ನೈಟ್ರೇಟ್ ಆದರೆ ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯಕ್ಕೆ ಬರೆಯಿರಿ. 1964ರಲ್ಲಿ ಶುರುವಾದದ್ದು, ಈಗ ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮದ (ಎನ್‌ಎಫ್‌ಡಿಸಿ) ಅಡಿಯಲ್ಲಿದೆ. ಅದನ್ನು ಕಟ್ಟಿದ ಪಿ.ಕೆ. ನಾಯರ್ ಅವರು ಫಾಲ್ಕೆ ಮನೆಯವರಿಂದ ಹಿಡಿದು ದೇಶದ ಮೂಲೆ ಮೂಲೆಯಿಂದ ರೀಲು ಕೂಡಿಸಿದವರು. ಮುಂಬೈಯ ಫಿಲಂ ಹೆರಿಟೇಜ್ ಫೌಂಡೇಷನ್ ಇನ್ನೊಂದು ದಾರಿ, 2014ರಿಂದ ಈ ಕೆಲಸ ಮಾಡುತ್ತಿದೆ. ಬರೆಯುವಾಗ ಉದ್ದುದ್ದ ಭಾವುಕ ಪತ್ರ ಬೇಡ. ಅಗಲ, ಅಂದಾಜು ಉದ್ದ, ಎಷ್ಟು ಡಬ್ಬ, ವಾಸನೆ, ಕುಗ್ಗಿದ ಅಳತೆ, ಎಲ್ಲಿ ಸಿಕ್ಕಿತು, ಜೊತೆಗೆ ಅಂಚು ಕಾಣುವ ಐದಾರು ಫೋಟೋ. ಉತ್ತರ ತಡವಾದರೆ ಮತ್ತೆ ಬರೆಯಿರಿ, ಸಂಕೋಚ ಬೇಡ.

ಕೊಡುವ ಮುಂಚೆ ಕಾಗದದ ಮೇಲೆ ಎರಡು ವಿಷಯ ಇತ್ಯರ್ಥ ಆಗಲಿ. ಪೂರ್ತಿ ದಾನವೋ, ಅಥವಾ ಒಡೆತನ ನಿಮ್ಮದಾಗಿಯೇ ಇದ್ದು ಇಟ್ಟುಕೊಳ್ಳಲು ಮಾತ್ರ ಕೊಡುತ್ತಿದ್ದೀರೋ. ಮನೆಯವರಿಗೆ ಒಂದು ಡಿಜಿಟಲ್ ಕಾಪಿ ಸಿಗುತ್ತದೋ ಇಲ್ಲವೋ. ಅಣ್ಣತಮ್ಮಂದಿರ ಪಾಲಿನ ಮನೆಯಾದರೆ ಎಲ್ಲರನ್ನೂ ಕೂರಿಸಿ ಮಾತಾಡಿ, ಡಬ್ಬ ಹೋದ ಮೇಲೆ ಅದಕ್ಕೆ ಲಕ್ಷಗಟ್ಟಲೆ ಬೆಲೆ ಇತ್ತಂತೆ ಅನ್ನುವ ಸುದ್ದಿ ಯಾರೋ ಹಬ್ಬಿಸಿಯೇ ಹಬ್ಬಿಸುತ್ತಾರೆ.

ಇನ್ನು ಯೂಟ್ಯೂಬಿಗೆ ಹಾಕುವ ವಿಷಯ. ಡಬ್ಬ ನಿಮ್ಮದಾದರೂ ಚಿತ್ರದ ಹಕ್ಕು ನಿಮ್ಮದಲ್ಲ. ನಮ್ಮ ಕಾನೂನಿನಲ್ಲಿ ಸಿನಿಮಾದ ಹಕ್ಕು ಬಿಡುಗಡೆಯಾದ ಮುಂದಿನ ವರ್ಷದಿಂದ 60 ವರ್ಷ. 1934ರ ಚಿತ್ರದ್ದು ಯಾವಾಗಲೋ ಮುಗಿದಿದೆ. ಹಾಡಿನ ಸಾಹಿತ್ಯಕ್ಕೆ ಲೆಕ್ಕ ಬೇರೆ, ಬರೆದವರು ತೀರಿಕೊಂಡ ಮೇಲೆ 60 ವರ್ಷ. ಹಕ್ಕು ಮುಗಿದದ್ದಾದರೂ ಮೊದಲು ಸಂಗ್ರಹಾಲಯಕ್ಕೆ ತಿಳಿಸಿ, ಆಮೇಲೆ ಹಾಕಿ. ಹಾಕುವಾಗ ಸಿಕ್ಕ ಊರು, ರೀಲಿನ ಅಳತೆ, ಗುರುತು ಹಿಡಿದವರು ಹೇಳಿದ್ದು, ಎಲ್ಲವನ್ನೂ ವಿಡಿಯೋ ಕೆಳಗೆ ಬರೆಯಿರಿ. ಚಿತ್ರದ ಹೆಸರು ಪಕ್ಕಾ ಆಗಿಲ್ಲದಿದ್ದರೆ ಗುರುತಿಸದ ರೀಲು ಅಂತಲೇ ಹಾಕಿ. ‘ಸತಿ ಸುಲೋಚನ ಸಿಕ್ಕಿತು’ ಅಂತ ಹೆಡ್ಡಿಂಗ್ ಕೊಟ್ಟರೆ ಸಂಜೆಯೊಳಗೆ ಎಲ್ಲ ವಾಟ್ಸಾಪ್ ಗುಂಪಿನಲ್ಲೂ ಓಡಾಡುತ್ತದೆ, ಆಮೇಲೆ ಅದು ಸುಳ್ಳು ಅಂತ ಎಷ್ಟು ಹೇಳಿದರೂ ಯಾರೂ ಕೇಳುವುದಿಲ್ಲ.